ಹೊಗೆ ಬಂದಾಗ: ಬೇ ಏರಿಯಾಗೆ ಹೊಸದಾಗಿ ಬಂದವರಿಗೆ

ನೀವು ಈ ವರ್ಷ ಕ್ಯಾಲಿಫೋರ್ನಿಯಾದ ಬೇ ಏರಿಯಾಗೆ, ಅಂದರೆ ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಊರುಗಳಿಗೆ, ಬಂದಿಳಿದಿದ್ದರೆ ಮೊದಲು ಒಂದು ವಿಷಯ ಗೊತ್ತಿರಲಿ. ಇಲ್ಲಿ ಚಳಿಗಾಲವೇ ಮಳೆಗಾಲ. ನವೆಂಬರ್‌ನಿಂದ ಏಪ್ರಿಲ್‌ವರೆಗೆ ಏನು ಬಿತ್ತೋ ಅಷ್ಟೇ. ನಮ್ಮೂರಲ್ಲಿ ಮುಂಗಾರು ಹಿಡಿಯುವ ಹೊತ್ತಿಗೆ ಇಲ್ಲಿನ ಗುಡ್ಡಗಳ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿರುತ್ತದೆ. ನೋಡೋಕೆ ಚೆಂದ. ಆದರೆ ಅಲ್ಲಿಂದ ಮುಂದೆ ಐದಾರು ತಿಂಗಳು ಅದಕ್ಕೆ ಮಳೆಯೇ ಇಲ್ಲ. ಜುಲೈನಿಂದ ನವೆಂಬರ್‌ವರೆಗೆ ಕಾಡ್ಗಿಚ್ಚಿನ ಕಾಲ. ಬೆಂಕಿ ನಿಮ್ಮ ಮನೆ ಹತ್ತಿರ ಬಾರದೇ ಇರಬಹುದು. ಹೊಗೆ ಮಾತ್ರ ಒಂದಲ್ಲ ಒಂದು ವರ್ಷ ಬಂದೇ ಬರುತ್ತದೆ.

ನಮಗೆ ಅದು ಬಂದಿದ್ದು 2018ರ ಬಲಿಪಾಡ್ಯಮಿ ದಿನ, ನವೆಂಬರ್ 8ಕ್ಕೆ. ಹಿಂದಿನ ಸಂಜೆ ಫ್ರೀಮಾಂಟ್‌ನ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ಹಣತೆ ಹಚ್ಚಿದ್ದೆವು. ಮರುದಿನ ಸುಟ್ಟ ವಾಸನೆ ಬಂದಾಗ ಗಾಬರಿಯಿಂದ ಮೊದಲು ನೋಡಿದ್ದು ಆ ಹಣತೆಗಳನ್ನೇ. ಎಲ್ಲ ಆರಿದ್ದವು. ಉರಿಯುತ್ತಿದ್ದದ್ದು ಸುಮಾರು 300 ಕಿಲೋಮೀಟರ್ ದೂರದ ಪ್ಯಾರಡೈಸ್ ಎಂಬ ಊರು. ಕ್ಯಾಂಪ್ ಫೈರ್ ಅಂತ ಆ ಬೆಂಕಿಯ ಹೆಸರು. 85 ಜನ ಸತ್ತರು. 18,000ಕ್ಕೂ ಜಾಸ್ತಿ ಕಟ್ಟಡಗಳು ಬೂದಿಯಾದವು. ಆ ಹೊಗೆ ಎರಡು ವಾರ ನಮ್ಮ ಮೇಲೆ ಕೂತಿತ್ತು. ಅದು ಬರೀ ಮರದ ಹೊಗೆ ಅಲ್ಲ. ಯಾರದೋ ಮನೆ, ಯಾರದೋ ಮಂಚ, ಯಾವುದೋ ಮಗುವಿನ ಶಾಲೆಯ ಚೀಲ. ಅದನ್ನೇ ನಾವು ಉಸಿರಾಡುತ್ತಿದ್ದೆವು. ಇದು ನನಗೆ ಹೊಳೆಯೋಕೆ ನಾಲ್ಕೈದು ದಿನ ಬೇಕಾಯಿತು. ಮೊದಲ ದಿನಗಳಲ್ಲಿ ನನ್ನ ತಲೆಯಲ್ಲಿದ್ದದ್ದು ನನ್ನ ಮಗನ ಕೆಮ್ಮು ಮಾತ್ರ.

ಮೊದಲು ಮಾಡಬೇಕಾದ್ದು ಹೇಳಿಬಿಡುತ್ತೇನೆ.

ಆಕಾಶ ನೋಡಿ ತೀರ್ಮಾನ ಮಾಡಬೇಡಿ, ನಂಬರ್ ನೋಡಿ. ಏರ್‌ನೌ ಅನ್ನೋ ಸರ್ಕಾರಿ ತಾಣದಲ್ಲಿ ಗಾಳಿಯ ಸೂಚ್ಯಂಕ, ಅಂದರೆ ಎಕ್ಯುಐ, ಸಿಗುತ್ತದೆ. 50ರ ಒಳಗೆ ಹಸಿರು, 100ರವರೆಗೆ ಹಳದಿ. 101 ದಾಟಿ ಕಿತ್ತಳೆ ಬಣ್ಣಕ್ಕೆ ಬಂದರೆ ಮಕ್ಕಳು, ವಯಸ್ಸಾದವರು, ಬಸುರಿಯರು, ಉಬ್ಬಸ ಇರುವವರು ಹುಷಾರು. 151 ದಾಟಿದರೆ ಕೆಂಪು, ಎಲ್ಲರಿಗೂ ಕೆಟ್ಟದ್ದು. 201ರಿಂದ ನೇರಳೆ. 2020ರ ಸೆಪ್ಟೆಂಬರ್ 9ರಂದು ಇಲ್ಲಿ ಹಗಲೇ ಆಗಲಿಲ್ಲ. ಬೆಳಿಗ್ಗೆ ಹತ್ತಕ್ಕೂ ಆಕಾಶ ಕುಂಕುಮಕ್ಕೆ ಅರಿಶಿನ ಕಲಸಿದ ಹಾಗಿತ್ತು, ಬೀದಿದೀಪ ಉರಿಯುತ್ತಲೇ ಇದ್ದವು. ನೋಡಿದರೆ ಎದೆ ನಡುಗುತ್ತಿತ್ತು. ಆದರೆ ಅವತ್ತು ಬೆಳಿಗ್ಗೆ ಹೊಗೆ ಸಮುದ್ರದ ಮಂಜಿನ ಮೇಲೆ ಎತ್ತರದಲ್ಲಿ ನಿಂತಿತ್ತು, ನೆಲದ ಮಟ್ಟದ ಗಾಳಿ ಅಷ್ಟೇನೂ ಕೆಟ್ಟಿರಲಿಲ್ಲ. ಮುಂದಿನ ದಿನಗಳಲ್ಲಿ ಆಕಾಶ ಸುಮ್ನೆ ಬೂದು ಬಣ್ಣಕ್ಕೆ ಬಂತು. ಜನ ಸಮಾಧಾನದಿಂದ ಹೊರಗೆ ಬಂದರು. ಗಾಳಿ ನಿಜಕ್ಕೂ ಕೆಟ್ಟಿದ್ದು ಆಗಲೇ.

ಎನ್95 ಮಾಸ್ಕ್ ಮತ್ತು ಫಿಲ್ಟರ್ ಜೂನ್‌ನಲ್ಲೇ ತಂದಿಡಿ. ಹೊಗೆ ಬಂದ ದಿನ ಅಂಗಡಿಯಲ್ಲಿ ಏನೂ ಸಿಗೋದಿಲ್ಲ. 2018ರಲ್ಲಿ ನಾವು ಬಟ್ಟೆ ಮಾಸ್ಕ್ ಹಾಕಿಕೊಂಡು ಓಡಾಡಿದೆವು. ಅದರಿಂದ ಏನೂ ಉಪಯೋಗ ಇಲ್ಲ ಅಂತ ಗೊತ್ತೇ ಇರಲಿಲ್ಲ. ಮೂರನೇ ದಿನ ನಮ್ಮ ಬಾಗಿಲ ಹಿಡಿಗೆ ಒಂದು ಚೀಲ ನೇತುಹಾಕಿತ್ತು, ಒಳಗೆ ನಾಲ್ಕು ಎನ್95. ಎದುರು ಮನೆಯ ಅಜ್ಜಿ ಇಟ್ಟಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರುತ್ತಿರಲಿಲ್ಲ, ನನಗೆ ಚೈನೀಸ್ ಬರುತ್ತಿರಲಿಲ್ಲ. ಎರಡು ವರ್ಷ ಲಿಫ್ಟಿನಲ್ಲಿ ತಲೆಯಾಡಿಸಿದ್ದು ಬಿಟ್ಟರೆ ಅವರೊಡನೆ ಮಾತೇ ಆಡಿರಲಿಲ್ಲ. ಈಗ ನಾನು ಪ್ರತಿ ವರ್ಷ ಒಂದು ಪ್ಯಾಕೆಟ್ ಜಾಸ್ತಿ ತರುತ್ತೇನೆ.

ಮನೆಯಲ್ಲಿ ಒಂದು ಕೋಣೆಯನ್ನಾದರೂ ಚೆನ್ನಾಗಿ ಇಟ್ಟುಕೊಳ್ಳಿ. ಏರ್ ಪ್ಯೂರಿಫೈಯರ್ ಕೊಳ್ಳಲು ಆಗದಿದ್ದರೆ 20 ಇಂಚಿನ ಹೊಸ ಬಾಕ್ಸ್ ಫ್ಯಾನ್, ಅಂದರೆ ಚೌಕಾಕಾರದ ಫ್ಯಾನ್, ತನ್ನಿ, ಅದೇ ಅಳತೆಯ, ಸಣ್ಣ ಕಣ ಹಿಡಿಯುವ ಮರ್ವ್ 13 ದರ್ಜೆಯ ಫಿಲ್ಟರ್ ತನ್ನಿ. ಫ್ಯಾನಿನ ಹಿಂಬದಿಗೆ ಫಿಲ್ಟರ್ ಇಟ್ಟು ಸುತ್ತ ಟೇಪ್ ಹಾಕಿ. ಫಿಲ್ಟರ್ ಚೌಕಟ್ಟಿನ ಮೇಲಿನ ಬಾಣ ಫ್ಯಾನಿನ ಕಡೆಗಿರಬೇಕು. ರಾತ್ರಿ ಮಲಗುವಾಗ, ಮನೆಯಲ್ಲಿ ಯಾರೂ ಇಲ್ಲದಾಗ ಅದನ್ನು ನಿಲ್ಲಿಸಿ. ಕಾರಿನಲ್ಲಿ ಒಳಗಿನ ಗಾಳಿಯೇ ಸುತ್ತುವ ಗುಂಡಿ ಒತ್ತಿಡಿ. ಎಸಿ ಇಲ್ಲದ ಮನೆಯಲ್ಲಿ ಸೆಖೆ ತಡೆಯೋಕಾಗದಿದ್ದರೆ ಕಿಟಕಿ ಮುಚ್ಚಿಕೊಂಡು ಬೇಯಬೇಡಿ, ಲೈಬ್ರರಿಗೆ ಹೋಗಿ ಕೂತುಕೊಳ್ಳಿ.

ಅಡುಗೆಮನೆ ವಿಷಯ ನಮ್ಮವರಿಗೇ ಸ್ವಲ್ಪ ಜಾಸ್ತಿ ಹೇಳಬೇಕು. ಕಿಟಕಿ ಮುಚ್ಚಿದ ಮನೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹೊರಗಿನ ಹೊಗೆಗೆ ಒಳಗಿನದ್ದೂ ಸೇರುತ್ತದೆ. ಆ ದಿನಗಳಲ್ಲಿ ಕುಕ್ಕರ್, ಇಡ್ಲಿ ಪಾತ್ರೆ, ಮೊಸರನ್ನ ಸಾಕು. ಊದುಬತ್ತಿ, ಕರ್ಪೂರ, ಧೂಪ ಬೇಡ. ಗೌರಿ ಗಣೇಶ, ನವರಾತ್ರಿ, ದೀಪಾವಳಿ ಎಲ್ಲ ಈ ಕಾಲದಲ್ಲೇ ಬರುತ್ತವೆ. 2020ರ ಗಣೇಶ ಚೌತಿ ಆಗಸ್ಟ್ 22ಕ್ಕೆ. ಅದಕ್ಕೆ ಒಂದು ವಾರ ಮೊದಲು ಮಳೆಯಿಲ್ಲದ ಸಿಡಿಲು ಬಡಿದು ನಮ್ಮ ಸುತ್ತಲಿನ ಬೆಟ್ಟಗಳೆಲ್ಲ ಹತ್ತಿಕೊಂಡಿದ್ದವು. ಆ ಸಲ ಗಣಪನಿಗೆ ಹೂವು, ಗರಿಕೆ, ಕಡುಬು ಅಷ್ಟೇ. ಏನೂ ಕಮ್ಮಿ ಅನ್ನಿಸಲಿಲ್ಲ.

ಅಪ್ಪ ಅಮ್ಮನನ್ನು ಆರು ತಿಂಗಳಿಗೆ ಕರೆಸಿಕೊಳ್ಳುವವರು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಕರೆಸುತ್ತಾರೆ. ಅಂದರೆ ಹೊಗೆಯ ತಿಂಗಳುಗಳು ಪೂರ್ತಿ ಅವರ ಪಾಲಿಗೆ. ಉಬ್ಬಸ, ಹೃದಯದ ತೊಂದರೆ ಇರುವ ಹಿರಿಯರಾದರೆ ಫೆಬ್ರವರಿಯಲ್ಲಿ ಕರೆಸಿ, ಜುಲೈಗೆ ಕಳಿಸಿ. ಇಲ್ಲಿನ ವಸಂತವನ್ನೂ ನೋಡಿದ ಹಾಗಾಗುತ್ತದೆ.

ಇನ್ನು ನಾನು ನಿಜಕ್ಕೂ ಹೇಳಬೇಕಾದ್ದು.

2018ರಲ್ಲಿ ನಾವು ಹೀಗೆ ಫ್ಯಾನಿಗೆ ಕಟ್ಟಿದ ಫಿಲ್ಟರ್ ಮೊದಲ ದಿನ ಹಾಲಿನ ಹಾಗೆ ಬೆಳ್ಳಗಿತ್ತು. ವಾರ ಕಳೆಯುವಷ್ಟರಲ್ಲಿ ಮಡಿಕೆಗಳ ಅಂಚು ಕಂದಿತು, ಆಮೇಲೆ ಬೂದಿಯಾಯಿತು. ಹತ್ತನೇ ದಿನ ಬಿಚ್ಚಿ ನೋಡಿದೆ. ಬೆರಳಿಟ್ಟರೆ ಕಪ್ಪಗೆ, ನುಣ್ಣಗೆ ಅಂಟಿಕೊಂಡಿತು. ಆ ನುಣುಪು ನನ್ನ ಬೆರಳಿಗೆ ಗುರುತು ಸಿಕ್ಕಿತು. ಇಲ್ಲಣ! ತೀರ್ಥಹಳ್ಳಿ ಕಡೆಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ಅಟ್ಟದ ಜಂತೆಯಿಂದ ಜೋತುಬೀಳುತ್ತಿದ್ದ ಅದೇ ಇಲ್ಲಣ.

ಅಮ್ಮ ಆ ಅಟ್ಟದ ಕೆಳಗೆ ಕೂತು ಮೂವತ್ತು ವರ್ಷ ಸೌದೆ ಒಲೆ ಊದಿದಳು. ಮಳೆಗಾಲದಲ್ಲಿ ಸೌದೆ ಹಸಿ. ಊದುಗೊಳವೆ ಹಿಡಿದು ಊದಿ, ತಲೆ ಪಕ್ಕಕ್ಕೆ ತಿರುಗಿಸಿ ಕೆಮ್ಮಿ, ಸೆರಗಲ್ಲಿ ಕಣ್ಣೊರೆಸಿ ಮತ್ತೆ ಊದುತ್ತಿದ್ದಳು. ಹಾಲು ಕರೆಯುವ ಸದ್ದಿನ ಹಾಗೆ ಅವಳ ಕೆಮ್ಮೂ ನಮಗೆ ಬೆಳಗಿನ ಒಂದು ಸದ್ದು. ಕಣ್ಣು ಉರಿದರೆ ನಾವು ಮಕ್ಕಳು ಎದ್ದು ಜಗಲಿಗೆ ಹೋಗುತ್ತಿದ್ದೆವು. ದೋಸೆ ಜಗಲಿಗೇ ಬರುತ್ತಿತ್ತು.

ಎರಡು ವಾರದ ಹೊಗೆಗೆ ನಾನು ಇಷ್ಟು ಒದ್ದಾಡಿದೆ. ಫೋನ್ ಮಾಡಿ ಹೇಳಿದರೆ ಅಮ್ಮ, "ಕಿಟಕಿ ತೆಗೆದಿಡೇ, ಹೊಗೆ ಹೋಗುತ್ತೆ" ಅಂದಳು. ಅವಳಿಗೆ ಗೊತ್ತಿದ್ದ ಹೊಗೆ ಒಳಗಿನದು. ನನಗೆ ಮಾತು ಹೊರಡಲಿಲ್ಲ. ಮರುವರ್ಷ ಊರಿಗೆ ಹೋದಾಗ ಅವಳನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈಗ ಎರಡು ಹೊತ್ತು ಇನ್‌ಹೇಲರ್ ತಗೊಳ್ಳುತ್ತಾಳೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷ ಆಗಿದೆ, ಬಚ್ಚಲ ಒಲೆ ಮಾತ್ರ ಸೌದೆಯದ್ದೇ. ಅದಕ್ಕೊಂದು ಹೊಗೆ ಕೊಳವೆ ಹಾಕಿಸಿದೆ.

ಹೊಗೆಗೆ ಕೃತಜ್ಞರಾಗಿರಿ ಅಂತ ನಾನು ಹೇಳುತ್ತಿಲ್ಲ. ಕೆಮ್ಮುವ ಮಗುವನ್ನು ಮಡಿಲಲ್ಲಿ ಇಟ್ಟುಕೊಂಡವರಿಗೆ ಅಂಥ ಮಾತು ಯಾರೂ ಹೇಳಬಾರದು. ನಾನು ಹೇಳೋದು ಇಷ್ಟೇ. ಕಿಟಕಿ ಮುಚ್ಚಿಕೊಳ್ಳಲು ನಮಗೊಂದು ಕಿಟಕಿ ಇದೆ. ನಾವು ಒಳಗಿರುವಾಗ ಹೊರಗೆ ನಿಂತವರು ಯಾರು ಅಂತ ಒಮ್ಮೆ ನೋಡಿ.

2020ರ ಆಗಸ್ಟ್‌ನಲ್ಲಿ ಒಂದು ಕೆಲಸಕ್ಕೆ ಸಲಿನಾಸ್ ಕಡೆಗೆ 101ನೇ ಹೆದ್ದಾರಿಯಲ್ಲಿ ಹೋಗಿದ್ದೆ. ಸೂರ್ಯ ಕೆಂಪಗೆ, ಬರಿಗಣ್ಣಲ್ಲಿ ನೋಡುವ ಹಾಗಿದ್ದ. ಹೊಲದ ತುಂಬ ಜನ ಬಗ್ಗಿ ಸ್ಟ್ರಾಬೆರಿ ಕೀಳುತ್ತಿದ್ದರು. ಕೆಲವರ ಮುಖಕ್ಕೆ ಬರೀ ಕರವಸ್ತ್ರ. ಎಕ್ಯುಐ 151 ದಾಟಿದರೆ ಹೊರಗೆ ದುಡಿಯುವವರಿಗೆ ಮಾಲೀಕರು ಎನ್95 ಕೊಡಬೇಕು ಅಂತ ಈ ರಾಜ್ಯದಲ್ಲಿ 2019ರಿಂದ ನಿಯಮ ಇದೆ. ಆ ಕರವಸ್ತ್ರಗಳನ್ನು ನೋಡಿದ ಮೇಲೆ ಆ ನಿಯಮ ಓದಿ ಸಂಕಟವಾಯಿತು. ಬೆಂಕಿ ಆರಿಸುವವರಲ್ಲಿ ಜೈಲಿನ ಕೈದಿಗಳೂ ಇರುತ್ತಾರೆ ಅಂತ ನಿಮಗೆ ಗೊತ್ತಾ? ಆಗ ಅವರಿಗೆ ಸಿಗುತ್ತಿದ್ದದ್ದು ದಿನಕ್ಕೆ ಕೆಲವು ಡಾಲರ್, ಬೆಂಕಿಯೆದುರು ನಿಂತ ಗಂಟೆಗೆ ಮೇಲೊಂದು ಡಾಲರ್. ನಾವು ಮನೆಯಿಂದ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡುವವರು. ಇದನ್ನು ಮರೆಯೋದು ಬಹಳ ಸುಲಭ.

ಇನ್ನೊಂದು ವಿಷಯ. ಕೆಲವು ಸಲ ವಸಂತದಲ್ಲೂ ತೆಳ್ಳಗೆ ಹೊಗೆ ಕಾಣುತ್ತದೆ. ಅದು ಬೇಕೆಂದೇ ಹಚ್ಚಿದ ಸಣ್ಣ ಬೆಂಕಿ ಇರಬಹುದು. ಈ ರಾಜ್ಯದ ಉತ್ತರಕ್ಕಿರುವ ಕ್ಲಾಮತ್ ನದಿ ತೀರದ ಮೂಲನಿವಾಸಿಗಳಾದ ಕರೂಕ್, ಯುರೋಕ್ ಜನ ಹಿಂದಿನಿಂದಲೂ ಹೀಗೆ ಸಣ್ಣ ಸಣ್ಣ ಬೆಂಕಿ ಹಾಕಿ ಕಾಡು ನೋಡಿಕೊಳ್ಳುತ್ತಿದ್ದರು. ಸರ್ಕಾರ ಅದನ್ನು ನಿಲ್ಲಿಸಿತು. 1935ರಲ್ಲಂತೂ, ಎಲ್ಲಿ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತರೊಳಗೆ ಆರಿಸಬೇಕು ಅಂತ ಅರಣ್ಯ ಇಲಾಖೆಯೇ ನಿಯಮ ಮಾಡಿತು. ಸುಡಬೇಕಾದ್ದೆಲ್ಲ ಸುಡದೆ ದಶಕಗಟ್ಟಲೆ ಕಾಡಲ್ಲೇ ಕೂಡಿಕೊಂಡಿತು. ನಮ್ಮ ಬಿಳಿಗಿರಿರಂಗನ ಬೆಟ್ಟದ ಸೋಲಿಗರದ್ದೂ ಇದೇ ಕಥೆ. ಅವರು ಹಾಕುತ್ತಿದ್ದ ತರಗು ಬೆಂಕಿ, ಕಾಡು ಅಭಯಾರಣ್ಯವಾದ ಮೇಲೆ ನಿಂತಿತು. ಲಂಟಾನ ಈ ಪಾಟಿ ಹಬ್ಬಿದ್ದು ಅದಕ್ಕೇ ಅಂತ ಅವರು ಹೇಳುತ್ತಾರೆ. ಆದ್ದರಿಂದ ಆ ತೆಳು ಹೊಗೆಯ ಮೇಲೆ ದೂರು ಕೊಡಬೇಡಿ. ಆ ಒಂದೆರಡು ದಿನ ಕಿಟಕಿ ಮುಚ್ಚಿಕೊಂಡರೆ ಆಯಿತು.

2018ರ ನವೆಂಬರ್ 21ಕ್ಕೆ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ದಿನ, ಮಳೆ ಬಂತು. ನಮ್ಮ ಕಟ್ಟಡದವರೆಲ್ಲ ಪಾರ್ಕಿಂಗ್‌ಗೆ ಇಳಿದು ಸುಮ್ನೆ ನೆನೆಯುತ್ತಾ ನಿಂತರು. ಮಗ ಬಾಯಿ ತೆರೆದುಕೊಂಡು ಕುಣಿದ. ಎದುರುಮನೆ ಅಜ್ಜಿ ಛತ್ರಿ ಮಡಚಿ ಕೈಯಲ್ಲಿ ಹಿಡಿದಿದ್ದರು. ರಾತ್ರಿ ಟೀವಿ ಹಾಕಿದರೆ ಪ್ಯಾರಡೈಸ್ ಪಕ್ಕದ ಚೀಕೋ ಊರು ತೋರಿಸುತ್ತಿದ್ದರು. ಮನೆ ಕಳೆದುಕೊಂಡವರು ಅಂಗಡಿಯೊಂದರ ಪಾರ್ಕಿಂಗ್‌ನಲ್ಲಿ ಡೇರೆ ಹಾಕಿಕೊಂಡಿದ್ದರು. ನಾವು ಕುಣಿದ ಅದೇ ಮಳೆಗೆ ಅವರ ಹಾಸಿಗೆ ತೊಯ್ಯುತ್ತಿತ್ತು.

ನಾವು ನಾಲ್ಕು ಮನೆಯವರು ಸೇರಿ ಹಳೆ ಬಟ್ಟೆ ಗಂಟು ಕಟ್ಟಿದ್ದೆವು. ಅಲ್ಲಿ ನೆರವು ಹಂಚುತ್ತಿದ್ದವರಿಗೆ ಫೋನ್ ಮಾಡಿ ಕೇಳಿದರೆ, ಬಟ್ಟೆ ರಾಶಿ ಬಿದ್ದಿದೆ, ದುಡ್ಡು ಅಥವಾ ಗಿಫ್ಟ್ ಕಾರ್ಡ್ ಕೊಡಿ, ಅವರಿಗೆ ಬೇಕಾದ್ದನ್ನು ಅವರೇ ಕೊಂಡುಕೊಳ್ಳಲಿ ಅಂದರು. ನೀವೂ ಕೊಡುವಾಗ ಮೊದಲು ಕೇಳಿ. ಗಂಟು ಬಿಚ್ಚಿ ಬಟ್ಟೆ ವಾಪಸ್ ಒಳಗಿಟ್ಟೆವು. ಮರುದಿನ ಅಂಗಡಿ ರಜ, ಶುಕ್ರವಾರ ಹೋಗಿ ಕಾರ್ಡ್ ತಂದು ಕಳಿಸಿದೆವು.