ಜಾಕ್ಸನ್ ಹೈಟ್ಸ್‌ಗೆ ಹೊರಟ ದಾವಣಗೆರೆಯವರಿಗೆ

ರಜೆಗೆ ಊರಿಗೆ ಬಂದಾಗಲೆಲ್ಲ ಪಿ.ಜೆ. ಬಡಾವಣೆಯಿಂದಲೋ ವಿದ್ಯಾನಗರದಿಂದಲೋ ಯಾರಾದರೂ ಮನೆಗೆ ಬರುತ್ತಾರೆ. "ಮಗ ನ್ಯೂಯಾರ್ಕ್‌ಗೆ ಹೊರಟಿದ್ದಾನೆ, ನೀವಿರೋ ಕಡೇನೇ ರೂಮ್ ನೋಡ್ತಿದ್ದಾನಂತೆ, ಸ್ವಲ್ಪ ಹೇಳಿ" ಅನ್ನುತ್ತಾರೆ. ನಾನಿರುವುದು ನ್ಯೂಯಾರ್ಕ್ ನಗರದ ಕ್ವೀನ್ಸ್ ಭಾಗದ ಜಾಕ್ಸನ್ ಹೈಟ್ಸ್ ಬಡಾವಣೆಯಲ್ಲಿ. ಹಾಗೆ ಬಂದವರಿಗೆ ಹೇಳಿದ್ದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಸೂಟ್‌ಕೇಸ್ ವಿಷಯ. ಜೋಳದ ಹಿಟ್ಟು, ರಾಗಿ ಹಿಟ್ಟು, ಬೇಳೆ ಯಾವುದನ್ನೂ ಹೊರಬೇಡಿ. 74ನೇ ಸ್ಟ್ರೀಟಿನ ಪಟೇಲ್ ಬ್ರದರ್ಸ್ ದಿನಸಿ ಅಂಗಡಿಯಲ್ಲಿ ಎಲ್ಲಾ ಸಿಗುತ್ತದೆ. ಅಕ್ಕಿ, ಕರಿಬೇವು ಅಂತೂ ಬೇಡವೇ ಬೇಡ. ಏರ್‌ಪೋರ್ಟಿನಲ್ಲೇ ಕಿತ್ತುಕೊಳ್ಳುತ್ತಾರೆ, ಹೇಳದೆ ತಂದಿದ್ದರೆ ದಂಡವನ್ನೂ ಹಾಕಬಹುದು. ಅಮ್ಮ ಮಾಡಿದ ಶೇಂಗಾ ಚಟ್ನಿಪುಡಿ ತನ್ನಿ. ಅದಕ್ಕೆ ಅಲ್ಲಿ ಬದಲಿ ಇಲ್ಲ. ಚಳಿ ಕೋಟನ್ನು ಅಲ್ಲೇ ಕೊಳ್ಳಿ. ನಮ್ಮ ಕಡೆ ಸಿಗುವ ಸ್ವೆಟರ್ ಜನವರಿ ಚಳಿಗೆ ಯಾತಕ್ಕೂ ಸಾಲುವುದಿಲ್ಲ.

ಮನೆ ವಿಷಯದಲ್ಲಿ ಮಾತ್ರ ಅವಸರ ಮಾಡಬೇಡಿ. ದಾವಣಗೆರೆಯಲ್ಲಿ ಕೂತು ಫೋಟೋ ನೋಡಿ ಅಡ್ವಾನ್ಸ್ ಕಳಿಸಬೇಡಿ. ಮೊದಲ ಕೆಲವು ದಿನ ಎಲ್ಲಾದರೂ ಉಳಿದುಕೊಂಡು, ಮನೆ ಕಣ್ಣಾರೆ ನೋಡಿ ಕೊಡಿ. ಡೆಪಾಸಿಟ್ ಅಂತ ಒಂದು ತಿಂಗಳ ಬಾಡಿಗೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಬ್ರೋಕರ್‌ನನ್ನು ಮನೆ ಮಾಲೀಕರೇ ಇಟ್ಟುಕೊಂಡಿದ್ದರೆ ಅವನ ಫೀಸನ್ನು ನೀವು ಕೊಡಬೇಕಿಲ್ಲ, 2025ರ ಜೂನ್‌ನಿಂದ ಅದೇ ಕಾನೂನು. ಅಕ್ಟೋಬರ್ 1ರಿಂದ ಮೇ 31ರವರೆಗೆ ಮನೆ ಬೆಚ್ಚಗಿಡುವುದು ಮಾಲೀಕರ ಜವಾಬ್ದಾರಿ. ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ಹಗಲು ಹೊತ್ತು ಒಳಗೆ ಕನಿಷ್ಠ 68 ಇರಬೇಕು. ಇಲ್ಲದಿದ್ದರೆ ನಗರದ ಸಹಾಯವಾಣಿ 311ಕ್ಕೆ ಫೋನ್ ಮಾಡಿ ದೂರು ಕೊಡಿ, ಸಂಕೋಚ ಬೇಡ. ಬೇಸ್‌ಮೆಂಟ್ ರೂಮ್ ಅಗ್ಗಕ್ಕೆ ಸಿಗುತ್ತದೆ ನಿಜ. ಆದರೆ 2021ರ ಸೆಪ್ಟೆಂಬರ್‌ನಲ್ಲಿ ಐಡಾ ಚಂಡಮಾರುತದ ಮಳೆ ಸುರಿದಾಗ ಕ್ವೀನ್ಸ್‌ನ ಇಂಥ ಬೇಸ್‌ಮೆಂಟ್‌ಗಳಿಗೇ ನೀರು ನುಗ್ಗಿ ಜನ ಸತ್ತರು. ಕಿಟಕಿಯಿಂದ ಹೊರಗೆ ದಾಟಲು ಆಗದ ರೂಮು ಎಷ್ಟು ಕಡಿಮೆಗೆ ಸಿಕ್ಕರೂ ಬೇಡ.

ವಿಳಾಸ ಮೊದಮೊದಲು ತಲೆ ತಿನ್ನುತ್ತದೆ. 37ನೇ ಅವೆನ್ಯೂ ಬೇರೆ, 37ನೇ ರೋಡ್ ಬೇರೆ, 37ನೇ ಸ್ಟ್ರೀಟ್ ಇನ್ನೂ ಬೇರೆ. ಸ್ಟ್ರೀಟ್‌ಗಳು ಉತ್ತರ-ದಕ್ಷಿಣ, ಅವೆನ್ಯೂಗಳು ಪೂರ್ವ-ಪಶ್ಚಿಮ. ಮನೆ ನಂಬರಿನಲ್ಲಿ ಅಡ್ಡಗೆರೆಯ ಮುಂಚೆ ಬರುವ ಅಂಕಿ ಹತ್ತಿರದ ಅಡ್ಡ ರಸ್ತೆಯದು. ಇಷ್ಟು ಗೊತ್ತಿದ್ದರೆ ಮ್ಯಾಪ್ ಇಲ್ಲದೆಯೂ ತಿರುಗಬಹುದು. ರೈಲಿಗೆ ರೂಸ್‌ವೆಲ್ಟ್ ಅವೆನ್ಯೂ ಸ್ಟೇಷನ್. 7, ಇ, ಎಫ್, ಎಂ, ಆರ್ ಐದೂ ಅಲ್ಲಿ ನಿಲ್ಲುತ್ತವೆ. ಕಾರ್ಡೋ ಫೋನೋ ಯಾವುದನ್ನು ಗೇಟಿಗೆ ಮುಟ್ಟಿಸುತ್ತೀರೋ ವಾರವಿಡೀ ಅದನ್ನೇ ಮುಟ್ಟಿಸಿ. ಏಳು ದಿನದಲ್ಲಿ 12 ಸಲ ದುಡ್ಡು ಕೊಟ್ಟರೆ ಆಮೇಲಿನ ಓಡಾಟ ಬಿಟ್ಟಿ. ಇವತ್ತು ಕಾರ್ಡು ನಾಳೆ ಫೋನು ಅಂತ ಮಾಡಿದರೆ ಆ ಲೆಕ್ಕ ಕೂಡುವುದಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ್ದು. ನಮ್ಮವರು ಬಹಳ ಜನ 74ನೇ ಸ್ಟ್ರೀಟಿನಲ್ಲಿ ಸಾಮಾನು ಕೊಂಡು, ಅಲ್ಲೇ ದೋಸೆ ತಿಂದು, ಹಾಗೇ ರೈಲು ಹತ್ತಿ ಹೋಗುತ್ತಾರೆ. ಅಷ್ಟಕ್ಕೇ ಆದರೆ ಇಲ್ಲಿ ಇರಬೇಕಾದ್ದೇ ಇಲ್ಲ. ಕ್ವೀನ್ಸ್‌ನಲ್ಲಿ ಹತ್ತಿರ ಹತ್ತಿರ ಅರ್ಧ ಜನ ಬೇರೆ ದೇಶದಲ್ಲಿ ಹುಟ್ಟಿದವರು. ಹೊಸಬರ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಒಂದು ಬ್ಲಾಕ್ ಮುಂದೆ ನಡೆಯಿರಿ.

73ನೇ ಸ್ಟ್ರೀಟ್ ಬಾಂಗ್ಲಾದವರದು. ಸಂಜೆ ನಮ್ಮ ಮಂಡಿಪೇಟೆಯಷ್ಟೇ ಗಿಜಿಗಿಜಿ. ಅಲ್ಲಿ ಝಾಲ್ ಮುರಿ ಮಾರುವವರನ್ನು ಹುಡುಕಿ. ಒಂದು ಡಬ್ಬಿಗೆ ಮಂಡಕ್ಕಿ, ಈರುಳ್ಳಿ, ಹಸಿಮೆಣಸಿನಕಾಯಿ, ಬೆಂದ ಕಡಲೆ, ಕೊತ್ತಂಬರಿ ಹಾಕಿ, ಮೇಲೆ ಹಸಿ ಸಾಸಿವೆ ಎಣ್ಣೆ ಬಿಟ್ಟು ಗರಗರ ಕಲಸಿ ಕಾಗದದ ಪೊಟ್ಟಣಕ್ಕೆ ಸುರಿಯುತ್ತಾರೆ. ಎಣ್ಣೆಯ ಘಾಟು ನೇರ ಮೂಗಿಗೆ ಹೊಡೆಯುತ್ತದೆ. ನಮ್ಮ ಖಾರ ಮಂಡಕ್ಕಿಯ ಹದ ಅಲ್ಲ ಅದು, ಹುರಿಗಡಲೆ ಹಿಟ್ಟೂ ಇಲ್ಲ, ಪಕ್ಕಕ್ಕೆ ಮಿರ್ಚಿಯೂ ಇಲ್ಲ. ಆದರೂ ಎರಡನೇ ಸಲಕ್ಕೆ ನಾಲಿಗೆ ಒಗ್ಗುತ್ತದೆ. ಬರೀ ಮಂಡಕ್ಕಿಯೂ ಅಲ್ಲಿನ ಅಂಗಡಿಗಳಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಒಗ್ಗರಣೆ ನೀವೇ ಹಾಕಿಕೊಳ್ಳಿ. ಪಾನಿಪುರಿಯಂಥ ಫುಚ್ಕಾ ಕೊಂಡರೆ ಮೊದಲೇ "ಮೊಟ್ಟೆ ಬೇಡ" ಅನ್ನಿ. ಬೇಯಿಸಿದ ಮೊಟ್ಟೆ ತುರಿದು ಮೇಲೆ ಉದುರಿಸುವುದು ಅವರ ಪದ್ಧತಿ.

ಅಲ್ಲಿಂದ ಮುಂದೆ ನೇಪಾಳಿ, ಟಿಬೆಟಿಯನ್ ಮೊಮೊ ಅಂಗಡಿಗಳು. ಒಳಗೆ ದನದ ಮಾಂಸ ಇರುವುದು ಜಾಸ್ತಿ, ಕೇಳಿ ತೆಗೆದುಕೊಳ್ಳಿ. ಡೈವರ್ಸಿಟಿ ಪ್ಲಾಜಾದಲ್ಲಿ ಕಾರು ಓಡುವುದಿಲ್ಲ, ಕುರ್ಚಿ ಹಾಕಿರುತ್ತಾರೆ. ಯಾರನ್ನಾದರೂ ಕಾಯಬೇಕಿದ್ದರೆ ಅಲ್ಲೇ ಕಾಯಿರಿ.

ರೂಸ್‌ವೆಲ್ಟ್ ಅವೆನ್ಯೂ ಇನ್ನೊಂದೇ ಲೋಕ. ನೆತ್ತಿಯ ಮೇಲೆ ಕಬ್ಬಿಣದ ಹಳಿ. 7ನೇ ರೈಲು ಹಾದಾಗ ಮಾತಾಡುತ್ತಿದ್ದವರೆಲ್ಲ ಒಂದು ಕ್ಷಣ ಸುಮ್ಮನಾಗಿ ಮತ್ತೆ ಮುಂದುವರಿಸುತ್ತಾರೆ. ಕೊಲಂಬಿಯಾ, ಈಕ್ವೆಡಾರ್, ಮೆಕ್ಸಿಕೊ ಜನ ಜಾಸ್ತಿ. ಇಲ್ಲಿ ಇಂಗ್ಲಿಷ್‌ಗಿಂತ ಸ್ಪ್ಯಾನಿಷ್ ಹೆಚ್ಚು ಉಪಯೋಗಕ್ಕೆ ಬರುತ್ತದೆ. "ಕ್ವಾಂತೊ ಕ್ವೆಸ್ತಾ" ಅಂದರೆ ಎಷ್ಟು ಅಂತ. ಲಿಂಗಾಯತ ಮನೆಯ ಹುಡುಗರು ಇನ್ನೊಂದು ಕಲಿಯಲೇಬೇಕು: "ಸಿನ್ ಮಾಂತೆಕಾ", ಹಂದಿ ಕೊಬ್ಬು ಇಲ್ಲದ್ದು. ಬರೀ ಮಾಂಸ ಬೇಡ ಅಂದರೆ ಸಾಲದು, ಬೀನ್ಸ್‌ಗೂ ತಮಾಲೆ ಎಂಬ ಮೆಕ್ಕೆಜೋಳದ ಕಡುಬಿನ ಹಿಟ್ಟಿಗೂ ಅದನ್ನು ಹಾಕಿರುತ್ತಾರೆ. ಚೀಸ್ ಹಾಕಿದ ಅರೇಪಾ ಎಂಬ ಮೆಕ್ಕೆಜೋಳದ ದಪ್ಪ ರೊಟ್ಟಿ ಮಾತ್ರ ಸಾಮಾನ್ಯವಾಗಿ ತೊಂದರೆ ಇಲ್ಲ. ತವೆಯ ಮೇಲೆ ಬೆಣ್ಣೆ ಸವರಿ ಬೇಯಿಸುತ್ತಾರೆ. ಬೆಣ್ಣೆ ದೋಸೆ ಊರಿನವರಿಗೆ ಇಷ್ಟವಾಗದೆ ಇರಲ್ಲ ಬಿಡಿ.

ಇದೇ ರಸ್ತೆಯಲ್ಲಿ ವೀಸಾ ಕಾಗದ ಮಾಡಿಸಿಕೊಡುತ್ತೇವೆ ಎಂಬ "ನೊತಾರಿಯೊ" ಬೋರ್ಡುಗಳು ಕಾಣುತ್ತವೆ. ಅವರು ವಕೀಲರಲ್ಲ. ಆ ಕೆಲಸಕ್ಕೆ ಲೈಸೆನ್ಸ್ ಇರುವ ವಕೀಲರ ಹತ್ತಿರವೇ ಹೋಗಿ.

34ನೇ, 35ನೇ ಅವೆನ್ಯೂ ಕಡೆ ಕೆಂಪು ಇಟ್ಟಿಗೆಯ ಕಟ್ಟಡಗಳಿವೆ. 1910, 20ರ ದಶಕಗಳಲ್ಲಿ ಶುರುವಾದದ್ದು. ಪ್ರತಿ ಬ್ಲಾಕಿನ ಹೊಟ್ಟೆಯಲ್ಲಿ ತೋಟ ಇದೆ, ಬೀದಿಗೆ ಕಾಣುವುದಿಲ್ಲ. ಕಟ್ಟಿದ ಕಾಲದಲ್ಲಿ ಯಹೂದಿಗಳಿಗೂ ಕರಿಯರಿಗೂ ಇಲ್ಲಿ ಮನೆ ಕೊಡುತ್ತಿರಲಿಲ್ಲ. 1965ರ ವಲಸೆ ಕಾನೂನು ಬಂದ ಮೇಲೆ ಏಷ್ಯಾದವರು ದೊಡ್ಡ ಸಂಖ್ಯೆಯಲ್ಲಿ ಬರತೊಡಗಿದರು. ಈಗ ಆ ಮೆಟ್ಟಿಲ ಮೇಲೆ ಯಾವ ಭಾಷೆ ಕೇಳಿದರೂ ಯಾರೂ ತಿರುಗಿ ನೋಡುವುದಿಲ್ಲ.

ದೇವಸ್ಥಾನಕ್ಕೆ 7ನೇ ರೈಲಿನಲ್ಲಿ ಕೊನೆಯ ಸ್ಟಾಪ್ ಫ್ಲಶಿಂಗ್‌ವರೆಗೆ ಹೋಗಿ. ಬೌನ್ ಸ್ಟ್ರೀಟಿನ ಗಣಪತಿ ದೇವಸ್ಥಾನ 1977ರದು. ಕೆಳಗೆ ಕ್ಯಾಂಟೀನ್ ಇದೆ, ದೋಸೆ ಚೆನ್ನಾಗಿರುತ್ತದೆ. ಕನ್ನಡ ಮಾತು ಕಿವಿಗೆ ಬೀಳುವ ಸಾಧ್ಯತೆ ಅಲ್ಲೇ ಜಾಸ್ತಿ. ಹಬ್ಬಗಳಿಗೆ ನ್ಯೂಯಾರ್ಕ್ ಕನ್ನಡ ಕೂಟ ಇದೆ, ಸದಸ್ಯರಾಗಿ.

ಅಪ್ಪ ಅಮ್ಮ ಬರುವಾಗ ಹೆಲ್ತ್ ಇನ್ಶೂರೆನ್ಸ್ ಇಲ್ಲದೆ ವಿಮಾನ ಹತ್ತಿಸಬೇಡಿ. ಬಿಪಿ, ಶುಗರ್ ಮಾತ್ರೆ ಊರಿನಿಂದಲೇ ತರಲಿ, ಡಾಕ್ಟರ್ ಚೀಟಿ ಜೊತೆಗಿರಲಿ. ನೀವು ಕೆಲಸಕ್ಕೆ ಹೋದಾಗ ಅವರು ಮನೆಯಲ್ಲೇ ಕೂತು ಬೇಸರಪಡುವುದು ಬೇಡ. 34ನೇ ಅವೆನ್ಯೂದಲ್ಲಿ 2020ರಿಂದ ಸುಮಾರು 26 ಬ್ಲಾಕ್ ಉದ್ದಕ್ಕೆ ಹಗಲು ಹೊತ್ತು ಕಾರಿನ ಕಾಟ ಇಲ್ಲ. ಪಂಚೆ, ಸೀರೆಯಲ್ಲೇ ವಾಕಿಂಗ್ ಹೋಗಬಹುದು. ಭಾನುವಾರ ಅಲ್ಲೇ ಟ್ರಾವರ್ಸ್ ಪಾರ್ಕ್ ಹತ್ತಿರ ರೈತರ ಸಂತೆ ಸೇರುತ್ತದೆ. ಅಮ್ಮಂದಿರನ್ನು ಒಂದು ಸಲ ಕರೆದುಕೊಂಡು ಹೋಗಿ ದಾರಿ ತೋರಿಸಿ. ಮುಂದಿನ ವಾರದಿಂದ ಅವರೇ ಚೀಲ ಹಿಡಿದು ಹೊರಡುತ್ತಾರೆ.