ಬ್ಯಾಂಗ್ಸ್ ಬೇಕಾ? ಪಾರ್ಲರಿಗೆ ಹೋಗುವ ಮೊದಲು ಇಷ್ಟು ನೋಡಿಕೊಳ್ಳಿ

ಹಣೆ ಮೇಲೆ ಕೂದಲು ಇಳಿಬಿಡೋಣ ಅಂದ ಕೂಡಲೇ ಎಲ್ಲರೂ ಮುಖದ ಆಕಾರದ ಮಾತು ತೆಗೆಯುತ್ತಾರೆ. ದುಂಡು ಮುಖಕ್ಕೆ ಒಪ್ಪುತ್ತಾ, ಉದ್ದ ಮುಖಕ್ಕೆ ಒಪ್ಪುತ್ತಾ ಅಂತ. ರಾಯಚೂರಿನಲ್ಲಿ ಇರುವವರು ಅದಕ್ಕಿಂತ ಮೊದಲು ನೋಡಬೇಕಾದ್ದು ಎರಡಿದೆ: ನಿಮ್ಮ ಸುಳಿ ಮತ್ತು ನಿಮ್ಮ ಬೆವರು.

ಸುಳಿಯಿಂದ ಶುರು ಮಾಡೋಣ. ತಲೆಸ್ನಾನ ಮಾಡಿ, ಎಣ್ಣೆ ಹಚ್ಚದೆ, ಬಾಚದೆ, ಕೂದಲನ್ನು ತಾನಾಗಿ ಒಣಗಲು ಬಿಡಿ. ಆಮೇಲೆ ಕನ್ನಡಿ ಮುಂದೆ ನಿಂತು ಹಣೆಯಂಚನ್ನು ನೋಡಿ. ಬೈತಲೆ ಹತ್ತಿರ ಸ್ವಲ್ಪ ಕೂದಲು ಮಾತ್ರ ಮೇಲಕ್ಕೋ ಪಕ್ಕಕ್ಕೋ ತಿರುಗಿಕೊಂಡಿದೆಯಾ? ಅದೇ ಸುಳಿ. ಕೂದಲು ಉದ್ದ ಇರುವಾಗ ಭಾರಕ್ಕೆ ಅದು ಮಲಗಿರುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಗಿಡ್ಡ ಮಾಡಿದರೆ ಎದ್ದು ನಿಲ್ಲುತ್ತದೆ, ಬ್ಯಾಂಗ್ಸ್ ನಡುವೆ ಸೀಳು ಬೀಳುತ್ತದೆ. ಎಷ್ಟು ಬಾಚಿದರೂ ಆ ಸೀಳು ಮುಚ್ಚುವುದಿಲ್ಲ. ಸುಳಿ ಜೋರಾಗಿದ್ದವರು ಹುಬ್ಬಿನ ಮೇಲೆ ನೇರವಾಗಿ ಕೂರುವ ದಪ್ಪ ಬ್ಯಾಂಗ್ಸ್ ಆಸೆ ಬಿಡುವುದೇ ಒಳ್ಳೆಯದು. ನಡುವೆ ಸೀಳಿ ಎರಡೂ ಕಡೆ ಇಳಿಬಿಡುವ ಕರ್ಟನ್ ಬ್ಯಾಂಗ್ಸ್ ನೋಡಿ. ಸುಳಿ ತಿರುಗಿದ ಕಡೆಗೇ ಕೂದಲು ಬಿಟ್ಟರೂ ಚೆಂದ.

ಇನ್ನು ಬೆವರು. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಣೆ ಬೆವರಿ, ಕೂದಲು ಎಳೆಎಳೆಯಾಗಿ ಅಂಟಿಕೊಂಡರೆ ಬೆಳಗ್ಗೆ ಮಾಡಿದ ಸ್ಟೈಲ್ ಎಲ್ಲ ಹೋಯಿತು. ಕೂದಲಿನ ಎಣ್ಣೆ, ಬೆವರು ಎರಡೂ ಹಣೆ ಮೇಲೇ ಕೂತರೆ ಮೊಡವೆ ಜಾಸ್ತಿ ಆಗುತ್ತದೆ. ಈಗಾಗಲೇ ಹಣೆ ತುಂಬ ಮೊಡವೆ ಇದ್ದರೆ ಮೊದಲು ಅದನ್ನು ವಾಸಿ ಮಾಡಿಕೊಳ್ಳಿ. ಮುಚ್ಚಿಡಲು ಅಂತ ಬ್ಯಾಂಗ್ಸ್ ಬಿಡಬೇಡಿ, ದಯವಿಟ್ಟು. ಬಿಸಿಲಿಗೆ ಮುಖಕ್ಕೆ ವೇಲ್ ಸುತ್ತಿ, ಮೇಲೆ ಹೆಲ್ಮೆಟ್ ಹಾಕಿ ಸ್ಕೂಟಿ ಓಡಿಸುವವರು ಇನ್ನೂ ಒಂದು ಯೋಚಿಸಿ. ಊರಿನ ತೀನ್ ಕಂದೀಲ್ ಸರ್ಕಲ್ಲಿಗೆ ಹೋಗಿ ವೇಲ್ ಬಿಚ್ಚಿದಾಗ ಬ್ಯಾಂಗ್ಸ್ ಚಪ್ಪಟೆಯಾಗಿ ಹಣೆಗೆ ಅಂಟಿರುತ್ತದೆ. ಬ್ಯಾಗಿನಲ್ಲಿ ಒಂದು ಸಣ್ಣ ಬಾಚಣಿಗೆ, ಎರಡು ಪಿನ್ನು ಯಾವಾಗಲೂ ಬೇಕು.

ಇದೆಲ್ಲ ಆದಮೇಲೂ ಮನಸ್ಸು ಬೇಕು ಅಂತಿದೆಯಾ? ಹಾಗಾದರೆ ಕತ್ತರಿ ಇಲ್ಲದೆ ಒಮ್ಮೆ ಪರೀಕ್ಷೆ ಮಾಡಿ. ಜುಟ್ಟನ್ನು ನೆತ್ತಿ ಮೇಲೆ ಎತ್ತಿ ಕಟ್ಟಿ, ತುದಿಯನ್ನು ಹಣೆ ಮೇಲೆ ಇಳಿಬಿಟ್ಟು ಫೋಟೋ ತೆಗೆಯಿರಿ. ಹೇಗೆ ಕಾಣುತ್ತೀರಿ ಅಂತ ಅಂದಾಜು ಸಿಗುತ್ತದೆ. ಹೇಗೆ ಅನಿಸುತ್ತದೆ ಅನ್ನುವುದಕ್ಕೆ ಮಾತ್ರ ಕ್ಲಿಪ್ ಹಾಕುವ ಬ್ಯಾಂಗ್ಸ್ ತಂದು, ಒಂದು ಮಧ್ಯಾಹ್ನ ಪೂರ್ತಿ ಹಾಕಿಕೊಂಡು ಅಡುಗೆ ಮಾಡಿ, ಮಾರ್ಕೆಟ್ಟಿಗೆ ಹೋಗಿ ಬನ್ನಿ. ಹಣೆಗೆ ಕೂದಲು ತಾಗಿದರೆ ಸುಮ್ನೆ ಕಿರಿಕಿರಿ ಆಗುವವರಿಗೆ ಅಷ್ಟರಲ್ಲೇ ಉತ್ತರ ಸಿಕ್ಕಿಬಿಡುತ್ತದೆ.

ಮುಖದ ಆಕಾರದ ಬಗ್ಗೆ ನನ್ನದು ಒಂದೇ ಮಾತು: ಹಣೆ ಚಿಕ್ಕದಿದ್ದರೆ ದಪ್ಪ ಬ್ಯಾಂಗ್ಸ್ ಬೇಡ, ತೆಳುವಾಗಿ ಬಿಡಿ.

ಯಾವಾಗ ಕತ್ತರಿಸಬೇಕು ಅನ್ನುವುದು ದೊಡ್ಡ ವಿಷಯ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಹುಬ್ಬಿನ ತನಕ ಕತ್ತರಿಸಿದ್ದು ಗದ್ದದವರೆಗೆ ಬರಲು ಹೆಚ್ಚುಕಡಿಮೆ ವರ್ಷ ಬೇಕು. ದೀಪಾವಳಿ ಮುಗಿದ ಮೇಲೆ ಮಾಡಿಸಿಕೊಂಡರೆ ಚಳಿಗಾಲ ಪೂರ್ತಿ ಆರಾಮಾಗಿ ಬಿಡಬಹುದು. ಸಂಕ್ರಾಂತಿ ಆದಮೇಲೆ ಟ್ರಿಮ್ ನಿಲ್ಲಿಸಿದರೆ ಬೇಸಿಗೆ ಜೋರಾಗುವ ಹೊತ್ತಿಗೆ ಪಕ್ಕಕ್ಕೆ ಪಿನ್ ಹಾಕುವಷ್ಟು ಉದ್ದ ಬಂದಿರುತ್ತದೆ. ಮನೆಯಲ್ಲಿ ಮದುವೆ ಇದ್ದರೆ ಸ್ವಲ್ಪ ತಡೆಯಿರಿ. ಹಣೆ ತುಂಬ ಕೂದಲಿದ್ದರೆ ಬೈತಲೆ ಬೊಟ್ಟು ಎಲ್ಲಿ ಕಾಣುತ್ತೆ, ಅಲ್ವಾ? ಹೆರಿಗೆಯಾಗಿ ಕೆಲವು ತಿಂಗಳಾಗಿದ್ದು ಕೂದಲು ಉದುರುತ್ತಿದ್ದರೂ ಕಾಯಿರಿ. ಆ ಉದುರುವಿಕೆ ಸಾಮಾನ್ಯವಾಗಿ ವರ್ಷದೊಳಗೆ ನಿಲ್ಲುತ್ತದೆ. ಮುಂದೆ ಹೊಸ ಕೂದಲು ಬಂದಮೇಲೆ ನೋಡೋಣ.

ಪಾರ್ಲರಿನಲ್ಲಿ ಕುರ್ಚಿ ಮೇಲೆ ಕೂತಾಗ ಸಂಕೋಚ ಬೇಡ. "ಅಕ್ಕಾ, ಮೊದ್ಲು ಮೂಗಿನ ತುದಿತನ ಬಿಡ್ರಿ, ನೋಡಿ ಆಮ್ಯಾಲ ಗಿಡ್ಡ ಮಾಡ್ರಿ" ಅಂತ ಬಾಯಿ ಬಿಟ್ಟು ಹೇಳಿ. ಕೂದಲು ಒಣಗಿರುವಾಗಲೇ ಕತ್ತರಿಸಲಿ. ಒದ್ದೆ ಕೂದಲು ಹಿಗ್ಗಿರುತ್ತದೆ, ಒಣಗಿದ ಮೇಲೆ ಮೇಲಕ್ಕೆ ಏರುತ್ತದೆ. ಗುಂಗುರು ಕೂದಲಿನವರಿಗಂತೂ ಎರಡು ಬೆರಳಿನಷ್ಟು ಏರಿದರೂ ಆಶ್ಚರ್ಯವಿಲ್ಲ. ಅಗಲ ಕೂಡ ಹುಬ್ಬಿನ ಹೊರತುದಿ ದಾಟಬಾರದು. ದಾಟಿದರೆ ಬೆಳೆಸುವಾಗ ಕಿವಿಯ ಹತ್ತಿರದ ಕೂದಲೂ ಗಿಡ್ಡವಾಗಿ, ಜಡೆಗೆ ಸಿಗದೆ ಒದ್ದಾಡಬೇಕು.

ದಿನಾ ತಲೆಸ್ನಾನ ಮಾಡಬೇಕಿಲ್ಲ. ಉಳಿದ ಕೂದಲನ್ನು ಹಿಂದೆ ಕಟ್ಟಿ, ಬ್ಯಾಂಗ್ಸ್ ಮಾತ್ರ ಒಂದು ಹನಿ ಶಾಂಪೂ ಹಾಕಿ ಬೇಸಿನ್‌ನಲ್ಲೇ ತೊಳೆಯಿರಿ. ಬೋರ್ ನೀರಿಗೆ ಕೂದಲು ಬಿರುಸಾಗುತ್ತದೆ, ಕೊನೆಯ ಚೊಂಬಿಗಾದರೂ ಕುಡಿಯುವ ನೀರು ಬಳಸಿ. ರಾತ್ರಿ ತಲೆಗೆ ಎಣ್ಣೆ ಹಚ್ಚುವವರು ಬ್ಯಾಂಗ್ಸನ್ನು ಮೇಲಕ್ಕೆತ್ತಿ ಪಿನ್ ಹಾಕಿ, ಹಣೆ ಒರೆಸಿಕೊಂಡು ಮಲಗಿ.