ಬೆನ್ನುಹುರಿಯ ಗಡ್ಡೆ: ಆಪರೇಷನ್ ಹೇಗೆ ಮಾಡುತ್ತಾರೆ?

ಮೆಣಸು ಕೊಯ್ಲು, ಕಾಫಿ ಮೂಟೆ ಹೊರುವ ಕೆಲಸ ಇರುವ ಕೊಡಗಿನಲ್ಲಿ ಬೆನ್ನುನೋವು ಯಾರಿಗಿಲ್ಲ? ಆದರೆ ದುಡಿದ ನೋವು ಸಾಮಾನ್ಯವಾಗಿ ಮಲಗಿದರೆ ತಗ್ಗುತ್ತದೆ. ಮಲಗಿದಾಗಲೇ ಜಾಸ್ತಿಯಾಗಿ ನಿದ್ದೆ ಕೆಡಿಸುವ ನೋವು, ಕಾಲಿನ ಜೋಮು, ನಡಿಗೆಯಲ್ಲಿ ಸೋಲು, ಮೂತ್ರ ಕಟ್ಟುವುದು ಇವು ಬೇರೆ ಸೂಚನೆ, ಬೆನ್ನುಹುರಿಯಲ್ಲಿ ಗಡ್ಡೆ ಇರಬಹುದು. ಸುಮ್ನೆ ಎಣ್ಣೆ ತಿಕ್ಕುತ್ತಾ ಕೂರಬೇಡಿ. ಆಪರೇಷನ್‌ಗೆ ಮೊದಲು ಕಾಲಿನಲ್ಲಿ ಎಷ್ಟು ಶಕ್ತಿ ಉಳಿದಿದೆಯೋ, ಆಮೇಲಿನ ನಡಿಗೆ ಬಹುಮಟ್ಟಿಗೆ ಅದನ್ನೇ ಅವಲಂಬಿಸಿದೆ.

ಮೊದಲ ತಪಾಸಣೆ ಮಡಿಕೇರಿಯಲ್ಲೇ ಆಗಲಿ. ಆಪರೇಷನ್‌ಗೆ ಮೈಸೂರು, ಮಂಗಳೂರು ಅಥವಾ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಬೇಕಾಗಬಹುದು.

ಗಡ್ಡೆಯನ್ನು ಯಾವ ದಾರಿಯಲ್ಲಿ ತಲುಪಬೇಕೆಂದು ಹೇಳುವುದು ಎಂಆರ್‌ಐ ಸ್ಕ್ಯಾನ್. ಬೆನ್ನುಹುರಿಯನ್ನು ಸುತ್ತಿದ ಗಟ್ಟಿ ಪೊರೆಗೆ ಡ್ಯೂರಾ ಎನ್ನುತ್ತಾರೆ. ಗಡ್ಡೆ ಅದರ ಹೊರಗಿದ್ದರೆ ಹೆಚ್ಚಾಗಿ ಬೇರೆಡೆಯ ಕ್ಯಾನ್ಸರ್ ಹರಡಿದ್ದು. ಅದು ಬೆನ್ನುಮೂಳೆಯ ಮುಂಭಾಗವನ್ನೇ ತಿಂದಿದ್ದರೆ ಕುತ್ತಿಗೆಯ ಮುಂದಿನಿಂದಲೋ ಎದೆಯ ಪಕ್ಕದಿಂದಲೋ ಹೋಗಬೇಕಾಗಬಹುದು. ಮೂಳೆ ಕುಸಿಯದಂತೆ ಸ್ಕ್ರೂ, ಸರಳು ಹಾಕುತ್ತಾರೆ.

ಡ್ಯೂರಾದ ಒಳಗಿನ ಗಡ್ಡೆಗೆ ಸಾಮಾನ್ಯವಾಗಿ ಬೆನ್ನಿನ ಕಡೆಯಿಂದಲೇ ದಾರಿ. ರೋಗಿಯನ್ನು ಬೋರಲು ಮಲಗಿಸಿ, ಜಾಗ ಸರಿಯೇ ಎಂದು ಎಕ್ಸ್‌ರೇಯಲ್ಲಿ ನೋಡುತ್ತಾರೆ. 1887ರಲ್ಲಿ ಲಂಡನ್ನಿನಲ್ಲಿ ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಇಂಥ ಗಡ್ಡೆ ತೆಗೆದಾಗ ಈ ಸೌಲಭ್ಯ ಇರಲಿಲ್ಲ. ಮೊದಲು ತೆರೆದಲ್ಲಿ ಗಡ್ಡೆ ಸಿಗದೆ ಇನ್ನೂ ಮೇಲಿನ ಮೂಳೆ ತೆಗೆಯಬೇಕಾಯಿತು. ಆ ರೋಗಿ ಮತ್ತೆ ನಡೆದದ್ದು ಈಗಲೂ ಬೆರಗು ಹುಟ್ಟಿಸುತ್ತದೆ.

ಬೆನ್ನಿನ ನಡುಗೆರೆಯಲ್ಲಿ ಚರ್ಮ ಸೀಳಿ, ಸ್ನಾಯು ಸರಿಸಿ, ಮೂಳೆಯ ಹಿಂಬದಿಯ ಕಮಾನು ತೆಗೆಯುತ್ತಾರೆ. ಇದೇ ಲ್ಯಾಮಿನೆಕ್ಟಮಿ. ಮಕ್ಕಳಲ್ಲಿ ಮುಂದೆ ಬೆನ್ನು ಬಾಗದಿರಲೆಂದು ಅದೇ ಮೂಳೆಯನ್ನು ಮತ್ತೆ ಕೂರಿಸುವುದುಂಟು. ಆಮೇಲೆ ಅಲ್ಟ್ರಾಸೌಂಡ್‌ನಲ್ಲಿ ಗಡ್ಡೆಯ ಅಂಚು ನೋಡಿ, ಮೈಕ್ರೋಸ್ಕೋಪಿನ ಕೆಳಗೆ ಡ್ಯೂರಾ ಬಿಡಿಸುತ್ತಾರೆ.

ಡ್ಯೂರಾದ ಒಳಗೆ, ಆದರೆ ಹುರಿಯ ಹೊರಗೆ ಬೆಳೆಯುವ ಮೆನಿಂಜಿಯೋಮ (ಪೊರೆಯ ಗಡ್ಡೆ), ಶ್ವಾನೋಮ (ನರದ ಹೊದಿಕೆಯ ಗಡ್ಡೆ) ಬಹುತೇಕ ಕ್ಯಾನ್ಸರ್ ಅಲ್ಲ. ಹೆಚ್ಚಿನವು ಪೂರ್ತಿ ಹೊರಬರುತ್ತವೆ. ಕಷ್ಟ ಇರುವುದು ಹುರಿಯ ಒಳಗೇ ಬೆಳೆದ ಗಡ್ಡೆಯಲ್ಲಿ. ಆಗ ಹುರಿಯ ಹಿಂಬದಿಯ ನಡುಗೆರೆಯಲ್ಲೇ ನಾಜೂಕಾಗಿ ಬಿಡಿಸಬೇಕು. ಇಂಥ ಒಳಗಡ್ಡೆಗಳಲ್ಲಿ ಎಪೆಂಡಿಮೋಮ ಎಂಬ ಬಗೆಗೆ ಸಾಮಾನ್ಯವಾಗಿ ಸ್ಪಷ್ಟ ಅಂಚಿರುತ್ತದೆ. ಅಲ್ಟ್ರಾಸಾನಿಕ್ ಉಪಕರಣದಿಂದ ಒಳಗಿನಿಂದಲೇ ಪುಡಿಮಾಡಿ ಹೀರಿ, ಕುಗ್ಗಿದ ಮೇಲೆ ಸುತ್ತ ಬಿಡಿಸುತ್ತಾರೆ. ಆಸ್ಟ್ರೋಸೈಟೋಮ ಎಂಬ ಇನ್ನೊಂದು ಬಗೆ ಹೆಚ್ಚಾಗಿ ಹುರಿಯಲ್ಲೇ ಬೆರೆತಿರುತ್ತದೆ. ಅಲ್ಲಿ ಹಟ ಹಿಡಿದು ಪೂರ್ತಿ ತೆಗೆಯಲು ಹೋದರೆ ಕಾಲಿನ ಶಕ್ತಿಯೇ ಹೋಗಬಹುದು. ಸ್ವಲ್ಪ ಉಳಿಸಿ ಬರುವುದು ಸೋಲಲ್ಲ, ಅದೇ ಸರಿಯಾದ ಚಿಕಿತ್ಸೆ.

ಇಡೀ ಹೊತ್ತು ತಲೆ, ಕೈ, ಕಾಲಿಗೆ ಹಾಕಿದ ತಂತಿಗಳು ನರದ ಸಂಕೇತ ತೋರಿಸುತ್ತಿರುತ್ತವೆ. ಸಂಕೇತ ಇಳಿದರೆ ಕೈ ನಿಲ್ಲಿಸಿ, ಬೆಚ್ಚನೆಯ ಸಲೈನ್ ಹಾಕಿ ಕಾಯುತ್ತಾರೆ. ಕೊನೆಗೆ ಡ್ಯೂರಾವನ್ನು ಹುರಿಯ ಸುತ್ತಲಿನ ನೀರು ಸೋರದಂತೆ ಹೊಲಿಯುತ್ತಾರೆ.

ಹುರಿಯ ಒಳಗಿನ ಆಪರೇಷನ್ ಆದ ಮೇಲೆ ಪಾದ ನೆಲದಲ್ಲಿ ಎಲ್ಲಿದೆ ಎಂಬುದೇ ಕೆಲವರಿಗೆ ತಿಳಿಯುವುದಿಲ್ಲ. ಹಲವರಲ್ಲಿ ವಾರ, ತಿಂಗಳು ಕಳೆದಂತೆ ಸುಧಾರಿಸುತ್ತದೆ. ನಮ್ಮ ಮನೆಗಳು ಇಳಿಜಾರಿನಲ್ಲಿ ಇರೋದಲ್ವಾ? ಡಿಸ್ಚಾರ್ಜ್‌ಗೆ ಮೊದಲೇ ಮೆಟ್ಟಿಲಿಗೆ ಹಿಡಿಕೆ ಹಾಕಿಸಿ. ಮನೆಗೆ ಹತ್ತಿರದ ಫಿಸಿಯೋಥೆರಪಿಸ್ಟ್‌ರನ್ನೂ ಗೊತ್ತುಮಾಡಿಕೊಳ್ಳಿ.